ಅಂಚೆಯಕ್ಕನ ಕಾಲಿನ ಅಳತೆ

ಕಂಪ್ಯೂಟರ್ ಆನ್ ಆಗದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಒಂದೆರಡು ಸಲ ತಟ್ಟುತ್ತೇವೆ. ಆಮೇಲೆ ವೈರು ಕಿತ್ತು ಮತ್ತೆ ಸಿಕ್ಕಿಸುತ್ತೇವೆ. ಕೊನೆಗೆ, ಯಾರು ಮುಟ್ಟಿದ್ದು ಎಂದು ಕೂಗಾಡುತ್ತೇವೆ. ಕೃತಕ ಕಾಲು ತಯಾರಿಸುವ ಒಂದು ಪುಟ್ಟ ಕಂಪನಿಯಲ್ಲಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಈ ಮೂರೂ ಮುಗಿದಿದ್ದವು.

ಅಲ್ಲಿ ಒಂಬತ್ತು ಜನರ ಕೆಲಸ. ಯಜಮಾನರದು ಅಚ್ಚು ಕೆತ್ತುವುದರಲ್ಲಿ ಪಳಗಿದ ಕೈ. ಬಂದವರ ಕಾಲಿನ ಅಳತೆ ತೆಗೆದು ಕಂಪ್ಯೂಟರಿಗೆ ಸೇರಿಸುವುದು ಅವರ ಹೆಂಡತಿ. ಹನ್ನೊಂದು ವರ್ಷದ ಅಳತೆಗಳು ಆ ಒಂದೇ ಯಂತ್ರದಲ್ಲಿದ್ದವು. ಯಂತ್ರ ಇದ್ದದ್ದು ಪ್ಲಾಸ್ಟರ್ ಅಚ್ಚು ಒಣಗಿಸುವ ಕೋಣೆಯಲ್ಲಿ. ಕಟ್ಟಡದಲ್ಲಿ ತೇವವಿಲ್ಲದ ಜಾಗ ಅದೊಂದೇ ಎಂದು ಯಜಮಾನರೇ ಮುತುವರ್ಜಿಯಿಂದ ಅಲ್ಲಿಟ್ಟಿದ್ದರು. ತೇವ ಇರಲಿಲ್ಲ, ನಿಜ. ಶಾಖ ಮತ್ತು ಧೂಳಿಗೆ ಮಾತ್ರ ಬರವಿರಲಿಲ್ಲ.

ರಿಪೇರಿಯವನು ಮುಚ್ಚಳ ಬಿಚ್ಚಿ ನಾಲ್ಕು ಸಲ ಸೀನಿದ.

"ಒಳಗೆ ಅರ್ಧ ಕಾಲು ಮಾಡೋವಷ್ಟು ಪ್ಲಾಸ್ಟರ್ ಇದೆ ಸಾರ್. ಡಿಸ್ಕ್ ಸುಟ್ಟುಹೋಗಿದೆ."

ಯಜಮಾನರು ಜಗ್ಗಲಿಲ್ಲ. "ಹೋದ್ರೆ ಹೋಗ್ಲಿ. ಪ್ರತಿ ಶನಿವಾರ ನಾನೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಟ್ಟಿದ್ದೀನಿ."

ಅಷ್ಟರಲ್ಲಿ ಅಂಚೆ ಹಂಚುವ ಹೆಂಗಸು ಕೋಲೂರಿಕೊಂಡು ಬಂದರು. ಅವರ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲಿನ ಮೇಲ್ತುದಿಯಲ್ಲಿ ಉಳಿದ ಕಾಲು ಕೂರುವ ಬಟ್ಟಲು ಬಿರುಕುಬಿಟ್ಟು, ಉಜ್ಜಿ ಉಜ್ಜಿ ಚರ್ಮ ಊದಿತ್ತು.

"ಸೋಮವಾರ ನಡಿಗೆ ಪರೀಕ್ಷೆ ಇದೆ ಅಮ್ಮಾ," ಎಂದರು. "ಪಾಸಾದ್ರೆ ನನ್ನ ಬೀದಿಗಳು ನನಗೆ. ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಟು ನನ್ನನ್ನ ಒಳಗೆ ಮುದ್ರೆ ಒತ್ತೋಕೆ ಕೂರಿಸ್ತಾರೆ. ಮತ್ತೆ ಪರೀಕ್ಷೆ ಆರು ತಿಂಗಳಿಗೆ."

"ಊತ ಭಾನುವಾರಕ್ಕೆ ಇಳಿಯುತ್ತೆ," ಎಂದರು ಯಜಮಾನರ ಹೆಂಡತಿ. "ಆಗ ಅಳತೆ ತೆಗೆದ್ರೆ ಬಟ್ಟಲು ಮಾಡೋಕೆ ಇನ್ನೂ ಮೂರು ದಿನ ಬೇಕು. ಆದ್ರೆ ನಿಮ್ಮ ಹಳೇ ಅಳತೆ ನಮ್ಮ ಹತ್ರ ಇದೆಯಲ್ಲ, ಇವತ್ತೇ ಶುರು ಮಾಡ್ತೀವಿ."

ಶನಿವಾರದ ಕಾಪಿಗಳಿದ್ದ ಡಿಸ್ಕ್ ತೆರೆಯಲು ಯಜಮಾನರ ತಂಗಿಯನ್ನು ಕರೆಸಿದರು. ಅವಳು ಒಂದು ಮುದ್ರಣ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದೊಂದನ್ನೇ ಒತ್ತಿ ನೋಡಿದಳು.

"ಅಣ್ಣಾ, ಶನಿವಾರ ಏನು ಮಾಡ್ತಿದ್ದೆ?"

"ಪರದೆ ಮೇಲೆ 'ಅಳತೆ' ಅಂತ ಒಂದು ಚಿತ್ರ ಇತ್ತಲ್ಲ, ಅದನ್ನ ಎಳೆದು ಡಿಸ್ಕಿಗೆ ಹಾಕ್ತಿದ್ದೆ. ಕ್ಷಣದಲ್ಲಿ ಆಗ್ತಿತ್ತು."

"ಹನ್ನೊಂದು ವರ್ಷದ ಫೈಲು ಕ್ಷಣದಲ್ಲಿ ಕಾಪಿ ಆಗುತ್ತಾ? ಅದು ಫೈಲಲ್ಲ, ಫೈಲು ಎಲ್ಲಿದೆ ಅಂತ ದಾರಿ ತೋರಿಸೋ ಚೀಟಿ. ಇಲ್ಲಿ ಬರೀ ಚೀಟಿಗಳಿವೆ."

ಯಜಮಾನರ ಮುಖ ಸಪ್ಪೆಯಾಯಿತು. ಒಂದು ಶನಿವಾರವೂ ತಪ್ಪಿಸದ ಮನುಷ್ಯ. ಒಂದು ಶನಿವಾರವೂ ತೆರೆದು ನೋಡಿರಲಿಲ್ಲ.

ಡಿಸ್ಕಿನ ಮೂಲೆಯಲ್ಲಿ ಮೂರು ವರ್ಷದ ಹಿಂದೆ ತಂಗಿಯೇ ಮಾಡಿಟ್ಟ ನಿಜವಾದ ಕಾಪಿ ಒಂದಿತ್ತು. ಅದರಲ್ಲಿ ಅಂಚೆಯಕ್ಕನ ಅಳತೆಯೂ ಇತ್ತು. ಎಲ್ಲರೂ ಉಸಿರು ಬಿಟ್ಟರು. ಆದರೆ ಫೈಲು ತೆರೆಯಲಿಲ್ಲ. ಅದನ್ನು ಓದಬಲ್ಲದ್ದು ಸತ್ತ ಯಂತ್ರದಲ್ಲಿದ್ದ ತಂತ್ರಾಂಶ ಒಂದೇ. ಅದರ ಪರವಾನಗಿ ಆ ಯಂತ್ರಕ್ಕೇ ಕಟ್ಟಿಹಾಕಿದ್ದು. ಮಾರಿದ ಕಂಪನಿ ಬಾಗಿಲು ಹಾಕಿ ವರ್ಷವಾಗಿತ್ತು.

ಭಾನುವಾರ ಹೊಸದಾಗಿ ಅಳತೆ ತೆಗೆದರು. ಸೋಮವಾರ ಪರೀಕ್ಷೆ ನಡೆದಾಗ ಬಟ್ಟಲು ಇನ್ನೂ ಅಚ್ಚಿನಲ್ಲೇ ಇತ್ತು. ಅಂಚೆಯಕ್ಕನ ಬೀದಿಗಳು ಕೈಬಿಟ್ಟುಹೋದವು.

ಮಂಗಳವಾರ ಊಟದ ಹೊತ್ತಿಗೆ ತಂಗಿ ಮತ್ತೆ ಬಂದಳು. "ಎರಡು ವರ್ಷದಿಂದ ಬಡ್ಕೊಂಡೆ. ಈಗಲಾದ್ರೂ ಕ್ಲೌಡಿಗೆ ಹಾಕಿ. ಓಪನ್ ಸೋರ್ಸ್ ತಂತ್ರಾಂಶ ತಗೊಳ್ಳಿ."

"ಕ್ಲೌಡ್ ಅಂದ್ರೆ ಇನ್ಯಾರದೋ ಕಂಪ್ಯೂಟರ್ ತಾನೆ?" ಯಜಮಾನರು ಇನ್ನೂ ಬಿಗಿಯಾಗಿದ್ದರು.

"ಹೌದು. ಅದನ್ನ ಹಗಲೂ ರಾತ್ರಿ ಕಾಯೋಕೆ ಜನ ಇದ್ದಾರೆ. ನಿನ್ನದನ್ನ ಕಾಯ್ತಿದ್ದದ್ದು ಪ್ಲಾಸ್ಟರ್."

"ಇಂಟರ್ನೆಟ್ ಕೈಕೊಟ್ರೆ?"

"ಕೆಲಸ ನಡೀತಿರೋ ಫೈಲಿನ ಪ್ರತಿ ಇಲ್ಲೂ ಇರುತ್ತೆ. ಲೈನ್ ಬಂದ ಮೇಲೆ ಎರಡೂ ಸರಿಹೊಂದುತ್ತೆ."

"ಓಪನ್ ಸೋರ್ಸ್ ಅಂದ್ರೆ ಕೋಡನ್ನ ಯಾರು ಬೇಕಾದ್ರೂ ಓದಬಹುದಂತೆ. ಕಳ್ಳರೂ ಓದ್ತಾರಲ್ಲ?"

"ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು ಅಣ್ಣಾ. ಕೀ ನಿನ್ನ ಜೇಬಲ್ಲಿ ಇರುತ್ತೆ. ಕೋಡ್ ತೆರೆದಿರುತ್ತೆ, ನಿನ್ನ ಫೈಲು ತೆರೆದಿರಲ್ಲ. ಸಾವಿರ ಜನ ಓದೋದ್ರಿಂದ ತಪ್ಪು ಬೇಗ ಸಿಗಬಹುದು. ಮಾಡಿದವರು ಬಿಟ್ಟು ಹೋದ್ರೆ ಇನ್ನೊಬ್ಬರು ಮುಂದುವರಿಸಬಹುದು."

"ಹಾಗಾದ್ರೆ ಹಾಕಿ ಮರೆತುಬಿಡೋದು."

"ಮರೆತೆ ಅಂದ್ರೆ ಮತ್ತೆ ಇದೇ ಕಥೆ! ತಂತ್ರಾಂಶ ಪುಕ್ಕಟೆ ಸಿಗಬಹುದು, ಜಾಗಕ್ಕೆ ಬಾಡಿಗೆ ಇರುತ್ತೆ, ನೋಡಿಕೊಳ್ಳೋಕೆ ಒಬ್ಬರು ಬೇಕು. ಗಟ್ಟಿ ಪಾಸ್‌ವರ್ಡ್ ಬೇಕು, ಜೊತೆಗೆ ಫೋನಿಗೆ ಬರೋ ಕೋಡೂ ಕೇಳೋ ಹಾಗೆ ಮಾಡಬೇಕು. ಕ್ಲೌಡ್ ಅಲ್ಲದೆ ಇನ್ನೊಂದು ಕಡೆಯೂ ಪ್ರತಿ ಇರಲಿ."

ಯಜಮಾನರು ಮತ್ತೇನೋ ಕೇಳಲು ಬಾಯಿ ತೆರೆದರು. ಹೆಂಡತಿ ಬಿಡಲಿಲ್ಲ. "ಸಾಕು ಸುಮ್ನಿರಿ. ಆ ಅಕ್ಕನ ಮುಖ ನೋಡಿ ಇಲ್ಲ ಅಂದಿದ್ದು ನಾನು, ನೀವಲ್ಲ. ಕೀ ನಾನು ಇಟ್ಕೋತೀನಿ."

ಬುಧವಾರ ಬಟ್ಟಲು ಸಿದ್ಧವಾಗಿ ಅಂಚೆಯಕ್ಕ ತೆಗೆದುಕೊಂಡು ಹೋದರು. ಆಮೇಲೆ ತಂಗಿ ರಜೆ ಹಾಕಿ ಬಂದು ಕೂತು, ಹೊಸ ಯಂತ್ರಕ್ಕೆ ಓಪನ್ ಸೋರ್ಸ್ ತಂತ್ರಾಂಶ ಹಾಕಿ ಕ್ಲೌಡಿಗೆ ಜೋಡಿಸಿದಳು. ಹೊಸ ಅಳತೆಗಳೆಲ್ಲ ಬೇರೆ ತಂತ್ರಾಂಶಗಳೂ ಓದಬಲ್ಲ ಮುಕ್ತ ರೂಪದಲ್ಲಿ ಸೇರತೊಡಗಿದವು. ತಿಂಗಳಿಗೊಮ್ಮೆ ಯಾವುದೋ ಒಂದು ಫೈಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡುವುದು ಯಜಮಾನರ ಪಾಲಿನ ಕೆಲಸವಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡರು, ಆದರೂ ಮಾಡುತ್ತಿದ್ದಾರೆ.

ತಿಂಗಳ ನಂತರ ಅಂಚೆಯಕ್ಕ ಬಟ್ಟಲಿನ ಪಟ್ಟಿ ಸರಿಮಾಡಿಸಲು ಬಂದರು. ಬೆರಳಿನಲ್ಲಿ ಮುದ್ರೆಯ ಶಾಯಿ ಇತ್ತು. ಯಜಮಾನರು ತಲೆ ಎತ್ತಲಾರದೆ ಪಟ್ಟಿ ಬಿಗಿದರು.

"ತಪ್ಪು ನನ್ನದು," ಎಂದರು. "ಈಗ ಎಲ್ಲ ಭದ್ರವಾಗಿದೆ."

"ಭದ್ರವಾಗಿರೋದು ಸಂತೋಷ ಸಾರ್," ಎಂದು ಆಕೆ ಫೋನು ಮುಂದೆ ಹಿಡಿದರು. "ಆದ್ರೂ ನನ್ನ ಕಾಲಿನ ಅಳತೆ ನನ್ನ ಹತ್ರಾನೂ ಒಂದು ಇರಲಿ. ಕಳಿಸ್ತೀರಾ?"

ಹಳೆಯ ತಂತ್ರಾಂಶವಾಗಿದ್ದರೆ ಕಳಿಸಿದರೂ ಅದು ಎಲ್ಲೂ ತೆರೆಯುತ್ತಿರಲಿಲ್ಲ. ಈಗ ಯಜಮಾನರ ಹೆಂಡತಿ ಅಲ್ಲೇ ಕಳಿಸಿದರು. ಫೋನಿನ ಪರದೆಯ ಮೇಲೆ ಬಟ್ಟಲಿನ ಚಿತ್ರ ಮೂಡಿತು. ಅಂಚೆಯಕ್ಕ ಅದನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿದರು.

ಓದುತ್ತಿರುವ ನೀವೂ ಅಂಗಡಿಯನ್ನೋ ಆಫೀಸನ್ನೋ ನಡೆಸುತ್ತಿರಬಹುದು. ನಿಮ್ಮ ಯಂತ್ರದಲ್ಲೂ ಯಾರದೋ ಸೋಮವಾರ ಕೂತಿರುತ್ತದೆ. ಇವತ್ತು ಅದರ ಪ್ರತಿಯಿಂದ ಒಂದೇ ಒಂದು ಫೈಲು ಆರಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ತೆರೆಯದಿದ್ದರೆ, ತಿಳಿದವರಿಗೆ ನಾಳೆಯೇ ಫೋನು ಮಾಡಿ.