ಹಡಗಿಗೆ ಆಚೆ ಎಲ್ಲಿ?

ಸಿರಾದಿಂದ ಬರಗೂರಿಗೆ ಬರುವ ಸರ್ವೀಸ್ ಮೋಟಾರು ಇಳಿದು, ಬಿಸಿಲಿನಲ್ಲಿ ಎರಡು ಮೈಲಿ ನಡೆದು, ಗೊಲ್ಲರಹಟ್ಟಿಯ ಮುಳ್ಳುಬೇಲಿ ಕಣ್ಣಿಗೆ ಬಿದ್ದದ್ದೇ ತಡ, ಕ್ಯಾತಮ್ಮನ ಕಾಲು ಮುಂದಕ್ಕೆ ಬರಲಿಲ್ಲ. ಸಮುದ್ರ ದಾಟಿ, ಅದರಾಚೆಯ ಸಮುದ್ರವನ್ನೂ ದಾಟಿ, ಹದಿನಾಲ್ಕು ತಿಂಗಳ ಮೇಲೆ ತಿರುಗಿ ಬಂದ ಹೆಂಗಸು. ಇನ್ನು ಹತ್ತು ಮಾರು ನಡೆದರೆ ಮನೆ. ಆ ಹತ್ತು ಮಾರಿಗೆ ಅವಳಲ್ಲಿ ಧೈರ್ಯ ಸಾಲಲಿಲ್ಲ. ತಲೆಯ ಮೇಲಿನ ತಗಡಿನ ಟ್ರಂಕನ್ನು ಹುಣಿಸೆಮರದ ಬುಡದಲ್ಲಿ ಇಳಿಸಿ ಅಲ್ಲೇ ಕೂತುಬಿಟ್ಟಳು.

"ಅವ್ವಾ!" ಎಂದು ಒಳಗಿಂದ ಓಡಿಬಂದಳು ಮಗಳು ಚಿಕ್ಕಿ. ಎಂಟು ವರ್ಷದ ಹುಡುಗಿ, ಹೆಸರು ಚಿಕ್ಕಲಕ್ಷ್ಮಮ್ಮ, ಕರೆಯುವುದು ಚಿಕ್ಕಿ. ಬೇಲಿಯ ಬಾಯಿ ದಾಟುವ ಮೊದಲೇ ಅವಳ ಜಡೆ ಹಿಡಿದು ನಿಲ್ಲಿಸಿದವಳು ಅಜ್ಜಿ ರಂಗಕ್ಕ, ಕ್ಯಾತಮ್ಮನ ಅತ್ತೆ.

"ನಿಂತ್ಕಳ್ಳೇ! ಯಜಮಾನ ಬಂದು ಕೇಳಾದು ಕೇಳ್ಲಿ. ಆಮ್ಯಾಕೆ ನಿಮ್ಮವ್ವನ್ನ ತಬ್ಕಳುವಂತೆ."

"ಚೆನ್ನಾಗಿದ್ದೀಯೇನವ್ವಾ?" ಎಂದು ಕ್ಯಾತಮ್ಮ ಅಲ್ಲಿಂದಲೇ ಕೂಗಿದಳು. ಹುಡುಗಿ ತಲೆಯಾಡಿಸಿದಳು. ಎಷ್ಟು ಉದ್ದ ಬೆಳೆದುಬಿಟ್ಟಿದ್ದಾಳೆ! ತಬ್ಬಿಕೊಳ್ಳಬೇಕು, ತಬ್ಬಿಕೊಳ್ಳುವಂತಿಲ್ಲ. ಸಮುದ್ರದಾಚೆಯಿಂದ ಬಂದವಳು ಹಟ್ಟಿಯ ಯಜಮಾನನಿಗೆ ಉತ್ತರ ಕೊಟ್ಟು ಶುದ್ಧವಾಗುವ ತನಕ ಅವಳನ್ನು ಮುಟ್ಟಿದವರೂ ಅವಳ ಜೊತೆ ಆಚೆಗೇ.

ಯಜಮಾನ ಏನು ಕೇಳುತ್ತಾನೆಂದು ಕ್ಯಾತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೊರಡುವ ದಿನ ಇದೇ ಜಾಗದಲ್ಲಿ ಕಂಬಳಿ ಮುಟ್ಟಿಸಿ ಆಣೆ ಮಾಡಿಸಿದ್ದರು. ಕೋಳಿಯನ್ನು ಬಾಯಿಗಿಡಬಾರದು, ಈ ಹಟ್ಟಿಯಲ್ಲಿ ಕೋಳಿ ಸಾಕುವುದೂ ಇಲ್ಲ. ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಮನೆಯಿಂದ ಆಚೆ ಕೂರಬೇಕು, ಯಾರನ್ನೂ ಮುಟ್ಟಬಾರದು. ಆಣೆ ತಪ್ಪಿದರೆ ಹಟ್ಟಿ ಇಲ್ಲ. ಹಟ್ಟಿ ಇಲ್ಲವೆಂದರೆ ಮಗಳೂ ಇಲ್ಲ, ಯಾಕೆಂದರೆ ಮಗು ಅವಳ ತೀರಿಹೋದ ಗಂಡ ನರಸಪ್ಪನ ಮನೆಯದು. ಅಷ್ಟೇ, ನೇರ ಮಾತು.

ಕ್ಯಾತಮ್ಮ ಆಣೆ ತಪ್ಪಿದ್ದಳು. ಒಂದೇ ಒಂದು ಸಲ. ಆ ಒಂದು ಸಲಕ್ಕೆ ಬೇಕಾದ ಸುಳ್ಳನ್ನು ಬೊಂಬಾಯಿಯಲ್ಲಿ ರೈಲು ಹತ್ತಿದಾಗಿನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಈಗ ಕೂತಲ್ಲೇ ಮತ್ತೊಮ್ಮೆ ಒಪ್ಪಿಸಿಕೊಂಡಳು.

ಇದೆಲ್ಲಕ್ಕೂ ಮೂಲ ಒಂದು ಮಗುವಿನ ಎದೆ. ಪಾವಗಡದ ಕಡೆ ಸಾಣೆಗೆ ಬಳಸುವ ಕುರುಂದದ ಕಲ್ಲು ಅಗೆಸುತ್ತಿದ್ದ ದೊರೆಯ ಬಂಗಲೆಯಲ್ಲಿ ಕ್ಯಾತಮ್ಮ ಚಿಕ್ಕಿಯನ್ನೂ ಜೊತೆಗಿಟ್ಟುಕೊಂಡು ಆಯಾ ಆಗಿದ್ದಳು. ದೊರೆಯ ಮಗಳ ಹೆಸರು ಎಲ್ಸಿ. ಹಟ್ಟಿಯವರ ನಾಲಿಗೆಗೆ ಅದು ಎಲಚಿ. ನಾಲ್ಕು ವರ್ಷದ ಆ ಎಲಚಿ ಕ್ಯಾತಮ್ಮ ತಿನ್ನಿಸಿದರೆ ಊಟ, ಇಲ್ಲದಿದ್ದರೆ ಉಪವಾಸ. ಹಾಗಾಗಿ ದೊರೆಯವರು ರಜೆಯ ಮೇಲೆ ತಮ್ಮ ಸೀಮೆಗೆ, ಲಂಡನ್ನಿಗೆ, ಹೊರಟಾಗ ದೊರೆಸಾನಿ ಹಟ್ಟಿಯ ತನಕ ಬಂದು, ಆರು ತಿಂಗಳಿಗೆ ಕಳಿಸಿಕೊಡಿ ಎಂದು ಬೇಡಿಕೊಂಡಿದ್ದಳು. ಆ ಮಗು ಸೊರಗಿ ಹೋಗುತ್ತದೆಂದು ಕ್ಯಾತಮ್ಮನಿಗೂ ಕಳವಳ. ಒಪ್ಪಿದಳು. ದೊಡ್ಡವರ ಆರು ತಿಂಗಳು ನಿಮಗೆ ಗೊತ್ತೇ ಇದೆಯಲ್ಲ!

ಲಂಡನ್ನಿನಲ್ಲಿ ಚಳಿಗಾಲ ಬಂತು. ಅದು ನಮ್ಮ ಮಾಗಿಯ ಚಳಿಯಲ್ಲ; ಬೊಗಸೆಯಲ್ಲಿ ಹಿಡಿದ ನೀರು ಬೆರಳು ಕಚ್ಚುವಂಥದ್ದು. ಎಲಚಿಗೆ ಉಬ್ಬಸ ಹತ್ತಿಕೊಂಡಿತು. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಈ ಚಳಿಯಲ್ಲಿ ಮಗು ಉಳಿಯುವುದು ಕಷ್ಟ, ಬೆಚ್ಚಗಿನ ಕಡೆ ಕರೆದುಕೊಂಡು ಹೋಗಿ ಎಂದರು. ಚಳಿ ತಪ್ಪಿಸಿಕೊಳ್ಳುವ ಸಾಹುಕಾರರಿಗೆಂದೇ ಅಲ್ಲೊಂದು ಹಡಗು ಹೊರಡುತ್ತಿತ್ತು. ಕೆರಿಬಿಯನ್ ಸಮುದ್ರದಲ್ಲಿ ಬಾರ್ಬಡೋಸ್, ಟ್ರಿನಿಡಾಡ್, ಜಮೈಕಾ ಎಂಬ ದ್ವೀಪಗಳನ್ನು ಸುತ್ತಿಸಿಕೊಂಡು ಐದು ವಾರಕ್ಕೆ ವಾಪಸು. ಹಟ್ಟಿಯವರೂ ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಊರು ಬಿಡುತ್ತಾರೆ. ಆದರೆ ಮುಂದೆ ಕುರಿ ಇರುತ್ತವೆ. ಇವರು ಕುರಿಯಿಲ್ಲ, ಹರಕೆಯಿಲ್ಲ, ಬರೀ ಕೂತು ಉಣ್ಣಲು ಹೊರಟಿದ್ದಾರಲ್ಲ ಎಂದು ಕ್ಯಾತಮ್ಮನಿಗೆ ಸೋಜಿಗವಾಯಿತು.

ಒಂಬತ್ತನೆಯ ದಿನ ಗಾಳಿ ಬೆಚ್ಚಗಾಯಿತು. ದೊರೆಗಳು ಕೋಟು ಬಿಚ್ಚಿದರು, ದೊರೆಸಾನಿಯರು ಬಿಸಿಲಿಗೆ ಕುರ್ಚಿ ಹಾಕಿ ಮಲಗಿದರು, ಬ್ಯಾಂಡಿನವರು ಬಾರಿಸಿದರು. ಎಲಚಿ ಮೊದಲ ಸಲ ನೆಟ್ಟಗೆ ಉಸಿರಾಡಿತು. ಕ್ಯಾತಮ್ಮ ಹೊರಗಾದದ್ದೂ ಅದೇ ದಿನ.

ಬೊಂಬಾಯಿಯಿಂದ ಬಂದ ಹಡಗಿನಲ್ಲಿ ಆ ದಿನಗಳು ಬಿದ್ದಿರಲಿಲ್ಲ. ಲಂಡನ್ನಿನಲ್ಲಿ ಜಾಗದ ತಾಪತ್ರಯ ಇರಲಿಲ್ಲ. ಮನೆಯ ಹಿಂದೆ ಕಲ್ಲಿದ್ದಲು ತುಂಬುವ ಗೂಡೊಂದಿತ್ತು. ಮೂರು ದಿನ ಅದರಲ್ಲಿ ಮುದುರಿಕೊಂಡು ಕೂತರೆ ಆಣೆ ಉಳಿಯುತ್ತಿತ್ತು. ಪಾವಗಡದಲ್ಲಿ ಇದನ್ನೆಲ್ಲ ಕಂಡಿದ್ದ ದೊರೆಸಾನಿ ಬೇಡವೆನ್ನುತ್ತಿರಲಿಲ್ಲ. ಈಗಲೂ ಬೇಡವೆನ್ನಲಿಲ್ಲ.

"ನಿನ್ನ ರೂಮಿನಲ್ಲಿ ಇರು, ಕ್ಯಾತಮ್ಮಾ. ಬೇಬಿ ನಾನು ನೋಡುತ್ತೇನೆ," ಎಂದಳು ತನ್ನ ಮುರುಕು ಕನ್ನಡದಲ್ಲಿ.

"ರೂಮು ಒಳಗೈತಲ್ಲಮ್ಮಣ್ಣಿ. ನಾನು ಆಚಿಕೆ ಇರ್ಬೇಕು."

ದೊರೆಸಾನಿ ನೀರಿನ ಕಡೆ ಕೈ ತೋರಿಸಿದಳು. "ಹಡಗಿಗೆ ಆಚೆ ಎಲ್ಲಿ ಇದೆ?"

ಹೌದಲ್ಲ! ಕ್ಯಾತಮ್ಮ ಮೇಲೆ ಕೆಳಗೆ ಎಲ್ಲ ಕಡೆ ಸುತ್ತಿದಳು, ಗೋಡೆಗೆ ತಾಗದಂತೆ, ಜನಕ್ಕೆ ತಾಗದಂತೆ. ಎಷ್ಟು ನಡೆದರೂ ಅದೇ ನೆಲ, ಅದೇ ಸೂರು. ಇಡೀ ಹಡಗು ಒಂದೇ ಮನೆ. ಅವಳಿಗೆ ಅಳು ಬಂದುಬಿಟ್ಟಿತು. ನೆಲ ಒರೆಸುತ್ತಿದ್ದ ಹಿಂದೂಸ್ತಾನದ ಮುದುಕ ಖಲಾಸಿಯೊಬ್ಬ ಯಾಕೆಂದು ಕೇಳಿದ. ಸಿರಾದ ಸಂತೆಯಲ್ಲಿ ಕಲಿತ ತುಂಡು ಉರ್ದುವಿನಲ್ಲಿ, ನಾಚಿಕೆ ಬಿಟ್ಟು ಹೇಳಿಕೊಂಡಳು. ಮನೆಯಲ್ಲಿ ಹೆಣ್ಣುಮಕ್ಕಳಿದ್ದ ಮನುಷ್ಯನಿರಬೇಕು, ನಗಲಿಲ್ಲ. ಕಂಬಿಯಾಚೆ ಸಮುದ್ರದ ಮೇಲೆ ಹಗ್ಗದಲ್ಲಿ ತೂಗುಬಿಟ್ಟಿದ್ದ ದೋಣಿಯನ್ನು ತೋರಿಸಿದ. ಹಡಗು ಮುಳುಗಿದರೆ ಜನ ಹತ್ತುವ ದೋಣಿ ಅದು. ಹಡಗಿಗೆ ಅದು ಆಚೆಯೇ ತಾನೇ?

ಎದೆ ಗಟ್ಟಿಮಾಡಿಕೊಂಡು ಹತ್ತಿದಳು. ಮೇಲೆ ಕ್ಯಾನ್ವಾಸು, ಕೆಳಗೆ ಹಲಗೆ, ಹಲಗೆಯ ಕೆಳಗೆ ತಳವಿಲ್ಲದ ನೀರು. ಹಗ್ಗ ಕಿರುಗುಟ್ಟಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಖಲಾಸಿ ರೊಟ್ಟಿ, ನೀರು ಇಟ್ಟು ಹೋಗುತ್ತಿದ್ದ. ಒಂದು ದಿನ ಹಾಗೇ ಕಳೆಯಿತು. ಅತ್ತ ಎಲಚಿ ಆಯಾ ಎಲ್ಲಿ, ಆಯಾ ಎಲ್ಲಿ ಎಂದು ಹಡಗೆಲ್ಲ ಓಡಾಡಿ, ಅತ್ತು, ಊಟ ಬಿಟ್ಟು, ಮತ್ತೆ ಉಬ್ಬಸ ಬರಿಸಿಕೊಂಡಿತು.

ಎರಡನೆಯ ದಿನ ಮಧ್ಯಾಹ್ನ ದೊರೆಸಾನಿ ಮಗುವನ್ನು ಎತ್ತಿಕೊಂಡು ಅದೇ ದೋಣಿಯ ಹತ್ತಿರ ಬಂದು ನಿಂತಳು. ಕ್ಯಾತಮ್ಮ ಕ್ಯಾನ್ವಾಸು ಸರಿಸಿ ನೋಡಿದಳು. ಮಗುವಿನ ತುಟಿ ನೇರಳೆಹಣ್ಣು ತಿಂದಂತೆ ಕಪ್ಪಿಟ್ಟಿತ್ತು, ಪಕ್ಕೆ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ದೊರೆಸಾನಿ ಬಾ ಎನ್ನಲಿಲ್ಲ. ಸುಮ್ಮನೆ ನಿಂತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾ ಎಂದಿದ್ದರೆ ಅಮ್ಮಣ್ಣಿಯ ಹುಕುಂ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಕ್ಯಾತಮ್ಮ ಸೆರಗು ಕಚ್ಚಿ ಹಿಡಿದಳು. ಮುಟ್ಟಿದರೆ ಚಿಕ್ಕಿ ಇಲ್ಲ. ಮುಟ್ಟಿದರೆ ಚಿಕ್ಕಿ ಇಲ್ಲ. ಅಷ್ಟರಲ್ಲಿ ಎಲಚಿ ಕ್ಯಾನ್ವಾಸಿನ ಸಂದಿಯಲ್ಲಿ ಅವಳ ಮುಖ ಕಂಡು, ಇದ್ದಷ್ಟು ಉಸಿರು ಕೂಡಿಸಿ, "ಅವ್ವಾ" ಎಂದಿತು. ಪಾವಗಡದ ಬಂಗಲೆಯ ಹಿತ್ತಲಲ್ಲಿ ಚಿಕ್ಕಿಯಿಂದ ಕಲಿತ ಮಾತು. ಕಂಬಿ ಹೇಗೆ ದಾಟಿದಳೋ ಕ್ಯಾತಮ್ಮನಿಗೇ ಗೊತ್ತಿಲ್ಲ. ಮಗುವನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು, ಬೆನ್ನು ತಿಕ್ಕುತ್ತಾ, ತಾನು ನಿಧಾನವಾಗಿ ಉಸಿರೆಳೆದು ಬಿಟ್ಟಳು. ಮಗು ಆ ಉಸಿರಿಗೆ ತನ್ನದನ್ನು ಹೊಂದಿಸಿಕೊಳ್ಳುತ್ತಾ ಬಂತು. ಬಿಸಿಲು ಇಳಿಯುವ ಹೊತ್ತಿಗೆ ತುಟಿ ಕೆಂಪಾಗಿ ನಿದ್ದೆ ಹೋಯಿತು.

ಆಮೇಲೆ ಆ ದ್ವೀಪಗಳು ಬಂದವು, ಹೋದವು. ಬಿಸಿಲು, ತೆಂಗಿನಮರ, ಬರಿಗಾಲಿನ ಜನ. ಇಷ್ಟಕ್ಕೆ ಸಿರಾಕ್ಕೇ ಬಂದಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡಳು ಕ್ಯಾತಮ್ಮ. ನಗು ಬರಲಿಲ್ಲ.

ಈಗ ಹಟ್ಟಿಯ ಜನವೆಲ್ಲ ಬೇಲಿಯ ಬಾಯಿಗೆ ಬಂದು ನೆರೆದಿತ್ತು. ಯಜಮಾನ ಓಬಳಪ್ಪ ಕೋಲೂರಿಕೊಂಡು ಬಂದ. ಕಂಬಳಿಯೊಂದನ್ನು ಅವಳ ಮುಂದಕ್ಕೆ ಎಸೆದರು. ಕ್ಯಾತಮ್ಮ ಅದರ ಮೇಲೆ ಕೈಯಿಟ್ಟಳು.

"ಕೋಳಿ ತಿಂದ್ಯಾ?"

"ಇಲ್ಲ, ಯಜಮಾನ್ರೇ."

"ಹೊರಗಾದಾಗ ಆಚಿಕೆ ಕುಂತಿದ್ದಾ? ಯಾರ್ನೂ ಮುಟ್ನಿಲ್ವಾ?"

ಬಾಯಿಪಾಠ ಮಾಡಿದ್ದು ಗಂಟಲ ತನಕ ಬಂತು. ಕಂಬಳಿಯ ಒರಟು ಉಣ್ಣೆ ಅಂಗೈಗೆ ತಾಗುತ್ತಿತ್ತು. ನರಸಪ್ಪ ಹೊದ್ದದ್ದು, ಚಿಕ್ಕಿಯನ್ನು ಹೆತ್ತಾಗ ಹಾಸಿದ್ದು ಇಂಥದೇ.

"ಕುಂತಿದ್ದೆ. ಒಂದ್ಸಲ ಎದ್ಬುಟ್ಟೆ. ಎಲಚಿ ಸಾಯಂಗಾಗಿತ್ತು. ಅವ್ವ ಅಂತ ಕರೀತು. ಎತ್ಕಂಬುಟ್ಟೆ, ಯಜಮಾನ್ರೇ."

ಗುಸುಗುಸು ಎದ್ದಿತು. ಓಬಳಪ್ಪ ಹಿರಿಯರನ್ನು ಕರೆದುಕೊಂಡು ಪಕ್ಕಕ್ಕೆ ಹೋದ. ಎಷ್ಟು ಹೊತ್ತೋ. ಕೊನೆಗೆ ಬಂದು ಹೇಳಿದ:

"ಜೀವ ಉಳಿಸ್ದೆ ಅಂತೀಯ. ಸುಳ್ಳು ಹೇಳ್ನಿಲ್ಲ, ಅದೂ ಆಯ್ತು. ಮೂರು ದಿನ ಈ ಮರದಡೀಲೇ ಇರು. ನಾಕ್ನೇ ದಿನ ತೀರ್ಥ ಹಾಕಿ ಒಳಿಕ್ಕೆ ಕರ್ಕಳನ. ಅಲ್ಲೀಗಂಟ ಒಂದು ನರಪಿಳ್ಳೇನೂ ಮುಟ್ಟಂಗಿಲ್ಲ. ಮುಟ್ಟಿದ್ಯೋ, ನಿಂಗೆ ಹಟ್ಟೀನೂ ಇಲ್ಲ, ಮಗೀನೂ ಇಲ್ಲ. ತಿಳೀತಾ?"

ತಿಳಿಯದೇ ಏನು! ಕ್ಯಾತಮ್ಮ ಕೈ ಮುಗಿದಳು. ಬರೀ ಮೂರು ದಿನ. ಕಲ್ಲಿದ್ದಲಿನ ಗೂಡಿನಲ್ಲಿ ಕೂತವಳಿಗೆ, ಸಮುದ್ರದ ಮೇಲೆ ತೂಗಾಡಿದವಳಿಗೆ ಇದೇನು ಮಹಾ. ಬದುಕಿಕೊಂಡೆ ಎಂದು ಮಗಳ ಕಡೆ ನೋಡಿ ನಕ್ಕಳು.

ಚಿಕ್ಕಿ ನಗಲಿಲ್ಲ. ಅಜ್ಜಿಯ ಕೈಯಿಂದ ಜಡೆ ಬಿಡಿಸಿಕೊಂಡು, ಬೇಲಿಯಾಚೆಗೆ ನಾಲ್ಕು ಹೆಜ್ಜೆ ಬಂದು ನಿಂತಳು.

"ಅವ್ವಾ, ಎಲಚಿ ಕರೆದ್ರೆ ಎದ್ದು ಹೋದ್ಯಾ?"

"ಹೂಂ ಕಣವ್ವ. ಉಸ್ರೇ ಇರ್ನಿಲ್ಲ ಅದುಕ್ಕೆ."

"ನಂಗೆ ಅಮ್ಮ ಎದ್ದಾಗ ನಾನೂ ಕರೆದೆ."

ಕ್ಯಾತಮ್ಮನ ನಗು ಅಲ್ಲೇ ಸತ್ತಿತು.

"ಮೈಯೆಲ್ಲಾ ಗುಳ್ಳೆ. ಅಜ್ಜಿ ನನ್ನ ಇಲ್ಲಿ ಬೇವಿನ್ಸೊಪ್ಪಿನ ಮ್ಯಾಲೆ ಮಲಗ್ಸಿದ್ಲು. ನೀನು ಅದೇ ಮರದಡಿ ಹೊರಗ್ ಕುಂತಿದ್ದೆ. ಮೂರು ದಿನಾನೂ ಕರೆದೆ. ನೀನು ಬರ್ನೇ ಇಲ್ಲ."

ಸುಳ್ಳಲ್ಲ. ಚಿಕ್ಕಿಗೂ ಆಗ ನಾಲ್ಕೇ ವರ್ಷ. ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು ಕ್ಯಾತಮ್ಮ, ಮುಟ್ಟಿದರೆ ಮಗುವಿಗೇ ಕೇಡೆಂದು ಹೆದರಿ. ಎಳೆಯ ಕೂಸು, ಮರೆತಿರುತ್ತದೆ ಎಂದುಕೊಂಡಿದ್ದಳು. ಮರೆತಿಲ್ಲ. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕಾದಿದೆ. ಅಯ್ಯೋ, ನನ್ನ ಮಗಳೇ! ದುಃಖ, ನಾಚಿಕೆ, ತನ್ನ ಮೇಲೆ ತನಗೇ ಸಿಟ್ಟು, ಎಲ್ಲ ಒಟ್ಟಿಗೇ ನುಗ್ಗಿಬಂದು ಕ್ಯಾತಮ್ಮ ಎದ್ದುಬಿಟ್ಟಳು.

"ಏ ಕ್ಯಾತಿ, ಬ್ಯಾಡ!" ರಂಗಕ್ಕ ಕಿರುಚಿದಳು.

ಕ್ಯಾತಮ್ಮ ನಾಲ್ಕು ಹೆಜ್ಜೆಗೆ ಹೋಗಿ ಮಗಳನ್ನು ಬಾಚಿ ತಬ್ಬಿಕೊಂಡಳು. ಹುಡುಗಿ ಮೊದಲು ಮರದ ಕೊರಡಿನಂತೆ ನಿಂತಿತ್ತು. ಆಮೇಲೆ ಎರಡೂ ಕೈಯಿಂದ ಅವಳ ಕೊರಳು ಬಿಗಿದು, ಕಾಲಿಂದ ಸೊಂಟ ಸುತ್ತಿ, ಹೋ ಎಂದು ಅತ್ತುಬಿಟ್ಟಿತು.

"ಮುಗೀತು," ಎಂದ ಓಬಳಪ್ಪ. "ಇವ್ಳಿಗಿನ್ನು ಹಟ್ಟಿ ಇಲ್ಲ. ಮಗೀನ ಬಿಡಿಸ್ಕಂಡು ಬರ್ರಿ. ಎಳೇದು, ನೀರು ಹುಯ್ದು ಒಳಿಕ್ಕೆ ಕರ್ಕಳನ."

ಬಿಡಿಸಿಕೊಂಡು ಬರಬೇಕಾದರೆ ಅವಳನ್ನು ಮುಟ್ಟಬೇಕು. ಮಗುವಿಗಾದರೆ ನೀರು ಸಾಕು, ಮುಟ್ಟಿದ ದೊಡ್ಡವರಿಗೆ ಅವಳ ಗತಿಯೇ. ಓಬಳಪ್ಪ ರಂಗಕ್ಕನ ಮುಖ ನೋಡಿದ. ರಂಗಕ್ಕ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅವನು ಹಿರಿಯರನ್ನು ನೋಡಿದ. ಅವರು ನೆಲ ನೋಡಿದರು. ಹಟ್ಟಿಗೆ ಹಟ್ಟಿಯೇ ಅಲ್ಲಿ ನಿಂತಿತ್ತು. ಯಾರೂ ಮುಂದಕ್ಕೆ ಬರಲಿಲ್ಲ.