ನೋವಾಗದ ಕೈ

ಶ್ರಾವಣ ಹತ್ತಿರ ಬಂದಿತೆಂದರೆ ಖಾಸೀಂಬಿಗೆ ಕೂರಲು ಪುರುಸೊತ್ತು ಇರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಬಳೆಯ ಮಲಾರವನ್ನು ತಾನೇ ಹೆಗಲಿಗೇರಿಸಿಕೊಂಡವಳು ಅವಳು. ಬೆಳಿಗ್ಗೆ ಆಳಂದ ಬಿಟ್ಟರೆ ಜಿಡಗಾ ದಾರಿಯ ಹಳ್ಳಿಗಳನ್ನೆಲ್ಲ ಸುತ್ತಿ ಸಂಜೆಗೆ ಮನೆ ಸೇರುವಳು. ಅವಳಿಗೆ ಬಳೆ ಮಾರುವುದಕ್ಕಿಂತ ಮಾತು ಕೇಳುವುದರಲ್ಲಿ ಹೆಚ್ಚು ಹುರುಪು. ಯಾರ ಮನೆಯ ಎಮ್ಮೆ ಯಾಕೆ ಕರು ಬಿಟ್ಟುಕೊಳ್ಳಲಿಲ್ಲ, ಹೊಸದಾಗಿ ಬಂದ ಪಂಪು ನೀರನ್ನು ಹೇಗೆ ಮೇಲೆಳೆಯುತ್ತದೆ, ಎಲ್ಲವೂ ಅವಳಿಗೆ ಬೇಕು. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಹುಡುಕಿ ಕೇಳುವಳು. ಕೇಳಿ ತಿಳಿಯದಿದ್ದರೆ ಮತ್ತೆ ಕೇಳುವಳು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ನಾಗಪಂಚಮಿಗೆ ಮೊದಲು, ಅವಳು ಆ ದಾರಿಯ ಒಂದು ಹಳ್ಳಿಯಲ್ಲಿ ಸುಭದ್ರಾಬಾಯಿಯ ಅಂಗಳದಲ್ಲಿ ಮಲಾರ ಇಳಿಸಿದಳು. ಸುಭದ್ರಾಬಾಯಿ ಆ ಊರಲ್ಲಿ ನಾಲ್ಕು ಜನ ಕೇಳುವ ಹೆಣ್ಣುಮಗಳು. ಗಂಡನಿಲ್ಲದ ಮನೆಯನ್ನು, ಹೊಲವನ್ನು ಒಬ್ಬಳೇ ನಡೆಸಿ, ಮಗ ಅಣ್ಣಾರಾಯನಿಗೆ ಅಫಜಲಪುರದ ಕಡೆಯ ಸೊನ್ನದಿಂದ ದ್ರೌಪದಿಯನ್ನು ತಂದುಕೊಂಡಿದ್ದಳು. ಮಗಳು ಶಿವಕಾಂತಾಳ ಮದುವೆ ಜೇವರ್ಗಿಯ ನೆಲೋಗಿಯಲ್ಲಿ ಮಾತಾಗಿತ್ತು. ಓಣಿಯ ಹೆಂಗಸರು ಸುತ್ತ ಕೂತು ಬಳೆಯ ಬಣ್ಣ ಆರಿಸುತ್ತಿದ್ದರು. ದ್ರೌಪದಿ ಒಲೆಯ ಮುಂದಿನಿಂದ ಎದ್ದು ಬಂದಳು.

“ನಮ್ಮ ದ್ರೌಪದಿ ರೊಟ್ಟಿ ಮಾಡೂದು ನೀ ನೋಡಬೇಕು ಖಾಸೀಂಬಿ,” ಎಂದಳು ಸುಭದ್ರಾಬಾಯಿ. “ಕಾದ ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ತಿರುವ್ತಾಳ. ಒಂದ ಸಲಾನೂ ಹಾ ಅನ್ನಂಗಿಲ್ಲ.”

ಹೆಂಗಸರು ಹೌದೆಂದರು. ರೊಟ್ಟಿಯ ಅಂಚು ಹಿಡಿದು ತಟಕ್ಕನೆ ತಿರುವುವುದು ಎಲ್ಲರಿಗೂ ರೂಢಿ. ಆದರೆ ದ್ರೌಪದಿ ಹಂಚಿಗೆ ಕೈ ಊರಿದರೂ ಅವಸರ ಮಾಡುವುದಿಲ್ಲ ಎಂದು ಒಬ್ಬಳು ಮೆಚ್ಚಿಕೊಂಡಳು. ಖಾಸೀಂಬಿ ನಗುತ್ತ ದ್ರೌಪದಿಯ ಬಲಗೈ ತೆಗೆದುಕೊಂಡು, ಬೆರಳುಗಳನ್ನು ಒತ್ತಿ ಮಡಿಸಿ, ಹಸಿರು ಬಳೆ ಏರಿಸತೊಡಗಿದಳು. ಗೆಣ್ಣು ದಾಟುವಾಗ ಬಳೆ ಚಟ್ಟನೆ ಮುರಿಯಿತು. ಗಾಜಿನ ಚೂರು ಕಿರುಬೆರಳಿನ ಬುಡದಲ್ಲಿ ನಟ್ಟು ರಕ್ತ ಒಸರಿತು.

ದ್ರೌಪದಿ ನಾದಿನಿಯ ಜೊತೆ ಮಾತಾಡುತ್ತಲೇ ಇದ್ದಳು.

ಖಾಸೀಂಬಿ ಚೂರು ತೆಗೆದಳು. ಆಗಲೂ ಆ ಕೈ ಮಿಸುಕಲಿಲ್ಲ. ಬಳೆ ಇಡಿಸಿಕೊಳ್ಳುವವರೆಲ್ಲ ಕೈ ಎಳೆದುಕೊಳ್ಳುವವರೇ. ಗಟ್ಟಿ ಹೆಂಗಸರು ಹಲ್ಲು ಕಚ್ಚುತ್ತಾರೆ, ಎಳೆಯರು ಅಳುತ್ತಾರೆ. ಇಷ್ಟು ವರ್ಷದಲ್ಲಿ ಅವಳು ಹಿಡಿದ ಕೈಗಳಲ್ಲಿ ಸುಮ್ಮನಿದ್ದ ಕೈ ಇದೊಂದೇ. ಅವಳು ಗಾಯಕ್ಕೆ ಅರಿಶಿನ ಒತ್ತಿ, ಉಳಿದ ಬಳೆಗಳನ್ನು ಇಟ್ಟು, ಏನೂ ಹೇಳದೆ ಎದ್ದು ಬಂದಳು. ಆದರೆ ಆ ಕೈ ಅವಳ ಮನಸ್ಸಿನಿಂದ ಹೋಗಲಿಲ್ಲ.

ಮುಂದಿನ ವಾರ ಬೇಕೆಂತಲೇ ಅದೇ ಓಣಿಗೆ ಹೋದಳು. ದ್ರೌಪದಿ ಒಬ್ಬಳೇ ಇದ್ದಳು. ಗಾಯ ನೋಡುವ ನೆಪದಲ್ಲಿ ಕೈ ಹಿಡಿದು ಕಿರುಬೆರಳನ್ನು ಚಿವುಟಿದಳು. ದ್ರೌಪದಿಗೆ ತಿಳಿಯಲೇ ಇಲ್ಲ. ಅಂಗೈಯಂಚಿನಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. ಮುಂಗೈಯ ಹೊರಮಗ್ಗುಲಲ್ಲಿ, ಮೊಣಕೈಯಿಂದ ಸ್ವಲ್ಪ ಕೆಳಗೆ, ರೂಪಾಯಿಯಗಲದ ಮಾಸಿದ ಮಚ್ಚೆಯೊಂದಿತ್ತು. ಅದು ಎರಡನೆಯ ಬಾಣಂತನದ ಮೇಲೆ ಬಂದದ್ದು, ತುರಿಸುವುದಿಲ್ಲ, ನೋಯುವುದಿಲ್ಲ, ಅದಕ್ಕೇ ಯಾರಿಗೂ ತೋರಿಸಿಲ್ಲ ಎಂದು ದ್ರೌಪದಿ ಹೇಳಿದಳು.

ಆಳಂದದ ಸರಕಾರಿ ದವಾಖಾನೆಯ ಗೋಡೆಯ ಮೇಲೆ ಮಚ್ಚೆಯಿರುವ ಒಂದು ಬೆನ್ನಿನ ಚಿತ್ರ ಬರೆದಿದ್ದರು. ಖಾಸೀಂಬಿ ದಿನಾ ಅದರ ಮುಂದೆಯೇ ಹಾಯುತ್ತಿದ್ದರೂ ಓದು ಬಾರದ್ದರಿಂದ ಅದೇನೆಂದು ತಿಳಿದಿರಲಿಲ್ಲ. ಆ ದಿನ ನಿಂತು ವಿಚಾರಿಸಿದಳು. ಕುಷ್ಠರೋಗದ ಕೆಲಸಕ್ಕೆಂದು ಸೈಕಲ್ ಮೇಲೆ ಹಳ್ಳಿ ತಿರುಗುವ ನೌಕರ ಭಗವಂತ ಅಲ್ಲೇ ಇದ್ದ. ಮೈಮೇಲಿನ ಮಚ್ಚೆಯಲ್ಲಿ ನೋವು ತಿಳಿಯದಿದ್ದರೆ ಅದು ಕುಷ್ಠವಿರಬಹುದು, ಬಂದು ತೋರಿಸಿ ಎಂದು ಬರೆದದ್ದನ್ನು ಅವನು ಓದಿ ಹೇಳಿದ. ಯಾರ ಹೆಸರನ್ನೂ ಎತ್ತದೆ, ಆ ರೋಗ ಬಂದವರ ಬೆರಳು ಕರಗಿ ಹೋಗುವುದು ಖರೆಯೇ ಎಂದು ಕೇಳಿದಳು.

“ಈ ರೋಗ ಬಟ್ಟು ತಿನ್ನಂಗಿಲ್ಲ ಖಾಸೀಮವ್ವ,” ಎಂದ ಭಗವಂತ. “ನರ ಕೆಡಸ್ತದ. ನರ ಕೆಟ್ಟ್ರ ನೋವು ತಿಳಿಯಂಗಿಲ್ಲ. ನೋವು ತಿಳೀದಿದ್ರ ಸುಟ್ರೂ ಗೊತ್ತಾಗಂಗಿಲ್ಲ, ಕೊಯ್ದ್ರೂ ಗೊತ್ತಾಗಂಗಿಲ್ಲ. ಆ ಗಾಯನೇ ಬಟ್ಟು ತಿಂತದ.”

ಅವಳಿಗೆ ಇದು ಹೊಸ ಮಾತು. ನರ ಎಲ್ಲಿದೆ ಎಂದು ಕೇಳಿದಳು. ಮೊಣಕೈಯ ಒಳಮೂಲೆಯಲ್ಲಿ, ಗೋಡೆಗೆ ಬಡಿದರೆ ಕಿರುಬೆರಳಿನವರೆಗೂ ಜುಂ ಎನ್ನುವ ಜಾಗವನ್ನು ಅವನು ತೋರಿಸಿದ. ಖಾಸೀಂಬಿ ತನ್ನದನ್ನೇ ಒತ್ತಿಕೊಂಡು ಜುಂ ಎನಿಸಿಕೊಂಡಳು. ಆಮೇಲೆ ಔಷಧದ ಮಾತು ಬಂತು. ಹಿಂದೆ ಇದ್ದದ್ದು ಒಂದೇ ಗುಳಿಗೆ, ಅದನ್ನು ವರ್ಷಗಟ್ಟಲೆ, ಕೆಲವರು ಜೀವನವಿಡೀ ನುಂಗಬೇಕಿತ್ತು. ಬರುಬರುತ್ತ ರೋಗದ ಹುಳಗಳು ಆ ಗುಳಿಗೆಗೆ ಪಳಗಿಬಿಟ್ಟವು. ಈಗ ದೊಡ್ಡ ದೊಡ್ಡ ಡಾಕ್ಟರುಗಳು ಶೋಧನೆ ಮಾಡಿ ಬೇರೆ ಬೇರೆ ಔಷಧಗಳನ್ನು ಕೂಡಿಸಿ ಕೊಡುವ ದಾರಿ ಕಂಡುಹಿಡಿದಿದ್ದಾರೆ, ಒಂದರಿಂದ ತಪ್ಪಿಸಿಕೊಂಡ ಹುಳ ಇನ್ನೊಂದಕ್ಕೆ ಸಿಕ್ಕು ಸಾಯುತ್ತದೆ, ಶುರುವಾತಿನಲ್ಲಿ ಹಿಡಿದರೆ ಆರು ತಿಂಗಳು ಸಾಕು, ಔಷಧ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹತ್ತುವುದು ನಿಲ್ಲುತ್ತದೆ ಎಂದು ಭಗವಂತ ವಿವರಿಸಿದ. ಅವನ ಮಾತಿನಲ್ಲಿ ಅವನಿಗೇ ಇದ್ದ ಸೋಜಿಗ ಕಾಣುತ್ತಿತ್ತು. ಸತ್ತ ನರ ಮತ್ತೆ ಜೀವ ಹಿಡಿಯುತ್ತದೆಯೇ ಎಂದು ಅವಳು ಕೇಳಿದಾಗ ಮಾತ್ರ ಅವನು ಮೆತ್ತಗಾದ. ತಡವಾದಷ್ಟೂ ಅದು ಕಷ್ಟ ಎಂದ.

ಹೇಳಿದರೆ ಒಂದು ಸಂಸಾರ ಮುರಿಯಬಹುದು, ಹೇಳದಿದ್ದರೆ ಒಂದು ಕೈ ಹೋಗುತ್ತದೆ. ಖಾಸೀಂಬಿ ಎರಡು ದಿನ ಮಲಾರ ಎತ್ತಲಿಲ್ಲ. ಮೂರನೆಯ ದಿನ ದ್ರೌಪದಿಯನ್ನು ಬಾವಿಯ ಹತ್ತಿರ ಕಂಡು, ಕೇಳಿದ್ದನ್ನೆಲ್ಲ ಕೇಳಿದ ಹಾಗೆಯೇ ಹೇಳಿದಳು. ದ್ರೌಪದಿ ಅಳಲಿಲ್ಲ. ಅತ್ತೆಗೆ ತಿಳಿಯಬಾರದು ಎಂದಷ್ಟೇ ಅಂದಳು. ಸಂತೆಯ ನೆಪದಲ್ಲಿ ಇಬ್ಬರೂ ಆಳಂದಕ್ಕೆ ಹೋದರು. ಭಗವಂತ ಪರೀಕ್ಷೆ ಮಾಡಿದ, ಡಾಕ್ಟರು ನೋಡಿ ಹೌದೆಂದರು. ಅಲ್ಲೇ ಮೊದಲ ಔಷಧವನ್ನು ತಮ್ಮೆದುರಿಗೆ ನುಂಗಿಸಿ, ತಿಂಗಳಿಗಾಗುವಷ್ಟು ಗುಳಿಗೆ ಕಟ್ಟಿ ಕೊಟ್ಟರು. ರೊಟ್ಟಿ ತಿರುವಲು ಇನ್ನು ಮುಂದೆ ಕೈ ಬೇಡ, ಇಕ್ಕಳ ಹಿಡಿ ಎಂದೂ ಹೇಳಿದರು.

ಮೂತ್ರ ಒಂದು ದಿನ ಕೆಂಪಗಾಗುತ್ತದೆ, ಹೆದರಬೇಡ ಎಂದು ಭಗವಂತ ಹೇಳಿದ್ದ. ಗಾಬರಿಯಲ್ಲಿದ್ದ ದ್ರೌಪದಿಯ ಕಿವಿಗೆ ಅದು ಬಿದ್ದೇ ಇರಲಿಲ್ಲ. ಆ ಸಂಜೆ ರಕ್ತವೇ ಹೋಗುತ್ತಿದೆ ಎಂದುಕೊಂಡು ಗಂಡನ ಮುಂದೆ ಬಾಯಿ ಬಿಟ್ಟಳು. ಅಣ್ಣಾರಾಯ ತಾಯಿಗೆ ಹೇಳಿದ. ಮರುದಿನ ಖಾಸೀಂಬಿಗೆ ಬುಲಾವು ಬಂತು.

ಸುಭದ್ರಾಬಾಯಿ ಅಂಗಳದಲ್ಲಿ ನಿಂತೇ ಇದ್ದಳು. ಕೂರು ಎನ್ನಲಿಲ್ಲ.

“ನಾ ನಿನ್ನ ಮನಿಯೊಳಗ ಬಿಟ್ಕೊಂಡಿದ್ದು ಬಳಿ ಇಡಾಕ. ನಮ್ಮ ಸೊಸಿಗಿ ಮಹಾರೋಗ ಅಂತ ಹೆಸರು ಹಚ್ಚಾಕಲ್ಲ.”

“ಹಚ್ಚಿದಾಕಿ ನಾ ಅಲ್ರಿ ಅಕ್ಕಾರ. ಇದ್ದದ್ದು ಕಣ್ಣಿಗಿ ಬಿತ್ತು. ಕಂಡೂ ಸುಮ್ನಿದ್ರ ಅಕಿ ಕೈ ಹೋಗ್ತದ. ಈಗ ಔಷಧಿ ಬಂದಾದ್ರಿ, ಆರಾಮ ಆಗ್ತದ.”

“ಶಿವಕಾಂತಾನ ಲಗ್ನ ಮಾತಾಗ್ಯಾದ. ಈ ಸುದ್ದಿ ಬಸ್ಸಿಗಿಂತ ಮೊದ್ಲ ನೆಲೋಗಿ ಮುಟ್ತದ. ಒಬ್ಬಾಕಿ ಸಲುವಾಗಿ ಇನ್ನೊಬ್ಬಾಕಿ ಬಾಳೇ ಹಾಳ ಮಾಡ್ಲೇನು? ನೀನೂ ಹೆಣ್ಣ ಹಡದಾಕಿ. ಹೇಳು.”

ಸುಭದ್ರಾಬಾಯಿಯ ದನಿ ಇಳಿಯಿತು.

“ನಮ್ಮ ಚಿಗವ್ವಗ ಹಿಂಗ ಆಗಿತ್ತು. ಸಣ್ಣಾಕಿದ್ದಾಗ ನಾ ಅಕಿ ಮಗ್ಗಲದಾಗೇ ಮಲಗ್ತಿದ್ದೆ. ಆಮ್ಯಾಲ ಹೊಲದಾಗ ಗುಡಸಲಾ ಹಾಕಿ ಇಟ್ರು. ನಾನೇ ಬುತ್ತಿ ಒಯ್ತಿದ್ದೆ, ದೂರ ಕಲ್ಲಿನ ಮ್ಯಾಲ ಇಟ್ಟು ಓಡಿ ಬರ್ತಿದ್ದೆ. ಒಂದಿನ ಹಿಂದಿನ ಬುತ್ತಿ ಹಂಗೇ ಕುಂತಿತ್ತು. ಅಕಿ ಸತ್ತದ್ದು ನಮಗ ಹಂಗ ಗೊತ್ತಾತು.” ಆಮೇಲೆ ಮುಖ ತಿರುಗಿಸಿ ಹೇಳಿದಳು: “ಈ ಹೊಸ್ತಲ ನೀ ಮತ್ತ ತುಳೀಬ್ಯಾಡ.”

ದ್ರೌಪದಿಯ ಹಾಸಿಗೆ ದನದ ಕೊಟ್ಟಿಗೆಯ ಮಗ್ಗುಲಿನ ಕೋಣೆಗೆ ಹೋಯಿತು. ಮಕ್ಕಳನ್ನು ಅವಳಿಂದ ಬಿಡಿಸಿದರು. ಶಿವಕಾಂತಾಳ ಮದುವೆ ಮುಗಿದ ಮೇಲೆ ತವರು ಸೊನ್ನಕ್ಕೆ ಕಳಿಸಿಬಿಡುವುದೆಂದಾಯಿತು. ಸುದ್ದಿ ಓಣಿಗೆ ಹಬ್ಬಿತು, ಓಣಿಯಿಂದ ಊರಿಗೆ. ಖಾಸೀಂಬಿ ಬಂದರೆ ಹೆಂಗಸರು ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳತೊಡಗಿದರು. ನೀನು ಅವಳ ಕೈ ಹಿಡಿದವಳು ಎಂದು ಒಬ್ಬಳು ನೇರವಾಗಿಯೇ ಅಂದಳು. ಶ್ರಾವಣದ ನಡುವೆ ಮಲಾರ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಅವಳಿಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಹೆಚ್ಚು ಅವಳನ್ನು ಕೊರೆದದ್ದು ದ್ರೌಪದಿ ಗುಳಿಗೆ ನುಂಗುತ್ತಿದ್ದಾಳೋ ಇಲ್ಲವೋ ಎನ್ನುವುದು. ಭಗವಂತನನ್ನು ಹಿಡಿದು, ಆ ಮನೆಗೆ ಒಮ್ಮೆ ಹೋಗಿ ಬಾ, ನಾನಂತೂ ಹೋಗುವಂತಿಲ್ಲ ಎಂದು ಬೇಡಿಕೊಂಡಳು.

ಅವನು ಹೋದ. ಆದದ್ದನ್ನು ಆಮೇಲೆ ಬಂದು ಹೇಳಿದ. ಅಣ್ಣಾರಾಯ ಮಾತಿಗೆ ಮೆತ್ತಗಿನವನಾದರೂ ಹೆಂಡತಿಗೆ ದಿನಾ ತಾನೇ ಗುಳಿಗೆ ಕೊಡುತ್ತಿದ್ದ. ನೆಲೋಗಿಗೂ ತಾನೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಿದ್ದ. ಅವರು ಸಿಟ್ಟಾಗಿರಲಿಲ್ಲ, ಹೂಂ ಅಂದಿರಲೂ ಇಲ್ಲ. ವಿಚಾರ ಮಾಡಿ ತಿಳಿಸುತ್ತೇವೆ ಎಂದಿದ್ದರು. ಸುಭದ್ರಾಬಾಯಿ ಬಾಗಿಲಿಗೆ ಒರಗಿ, ಭಗವಂತ ಹೇಳಿದ್ದನ್ನೆಲ್ಲ ಕೇಳಿದಳಂತೆ. ಕೊನೆಗೆ ಎರಡೇ ಮಾತು ಕೇಳಿದಳಂತೆ. ತನ್ನ ಚಿಗವ್ವನ ಕಾಲಕ್ಕೆ ಈ ಔಷಧ ಇತ್ತೇ ಎಂಬುದು ಒಂದು. ಇರಲಿಲ್ಲ ಎಂದ ಭಗವಂತ. ಮಚ್ಚೆ ಬಂದು ಬಹಳ ವರ್ಷ ಕಳೆದವರಿಗೂ ಇದು ನಡೆಯುತ್ತದೆಯೇ ಎಂಬುದು ಇನ್ನೊಂದು. ನಡೆಯುತ್ತದೆ ಎಂದ. ಅವಳು ಒಳಗೆ ಹೋದಳು.

ಎರಡನೆಯ ತಿಂಗಳ ಔಷಧ ಕೊಡುವ ದಿನ ಬಂತು. ಭಗವಂತ ಆ ಊರಿನ ಶಾಲೆಯ ಪಡಸಾಲೆಯಲ್ಲೇ ಕೂರುವುದಾಗಿ ಹೇಳಿ ಕಳಿಸಿದ್ದ. ಭಾನುವಾರ, ಶಾಲೆ ಖಾಲಿ. ಕರೆಯದಿದ್ದರೂ ಖಾಸೀಂಬಿ ಆಳಂದದಿಂದ ನಡೆದು ಬಂದಿದ್ದಳು. ದ್ರೌಪದಿ ಹಿತ್ತಿಲ ದಾರಿಯಿಂದ ಮುಖ ಮುಚ್ಚಿಕೊಂಡು ಬರಬಹುದು, ಇಲ್ಲವೇ ಬಾರದೆಯೂ ಇರಬಹುದು ಎಂದು ಇಬ್ಬರೂ ಆ ಕಡೆಯೇ ನೋಡುತ್ತಿದ್ದರು.

ದ್ರೌಪದಿ ಊರ ನಡುವಿನ ಓಣಿಯಿಂದ ಬಂದಳು. ಮುಂದೆ ಸುಭದ್ರಾಬಾಯಿ ನಡೆಯುತ್ತಿದ್ದಳು. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಅವಳು ಯಾರ ಕಡೆಗೂ ತಿರುಗಲಿಲ್ಲ. ಪಡಸಾಲೆಯಲ್ಲಿ ಸೊಸೆಯ ಮಗ್ಗುಲಿಗೇ ಕೂತಳು. ಭಗವಂತ ದ್ರೌಪದಿಯ ಕೈ ನೋಡಿದ. ಹೊಸ ಸುಟ್ಟಗಾಯ ಇರಲಿಲ್ಲ. ಮಚ್ಚೆಯ ಅಂಚು ಸ್ವಲ್ಪ ಮಂಕಾಗಿತ್ತು. ಕಿರುಬೆರಳಿನಲ್ಲಿ ಇರುವೆ ಹರಿದಂತೆ ಒಮ್ಮೊಮ್ಮೆ ಅನಿಸುತ್ತದೆ ಎಂದು ದ್ರೌಪದಿ ಹೇಳಿದಾಗ, ಹಾಗೆಂದರೇನು, ನರ ಎದ್ದಿತೇ ಎಂದು ಖಾಸೀಂಬಿಯೇ ಮೊದಲು ಕೇಳಿದಳು. ಈಗಲೇ ಹೇಳಲಾಗದು, ಆದರೆ ಕೆಟ್ಟದ್ದಂತೂ ಅಲ್ಲ ಎಂದ ಭಗವಂತ. ದ್ರೌಪದಿ ಅವನೆದುರಿಗೆ ಗುಳಿಗೆ ನುಂಗಿದಳು. ಅವನು ಚೀಲ ಕಟ್ಟತೊಡಗಿದ.

ಸುಭದ್ರಾಬಾಯಿ ಏಳಲಿಲ್ಲ. ಮರ್ಯಾದೆಗೆಂದು ದೂರ ಸರಿಯಹೊರಟ ಖಾಸೀಂಬಿಯನ್ನು ತಡೆದಳು.

“ಹೋಗಬ್ಯಾಡ. ನೀ ಇಲ್ಲೇ ಇರು.”

ಅವಳು ಎಡಗೈಯ ಕುಬಸದ ತೋಳನ್ನು ನಿಧಾನವಾಗಿ ಮೇಲೆತ್ತಿದಳು. ಮೊಣಕೈಯ ಮೇಲೆ, ತೋಳಿನ ಹಿಂಭಾಗದಲ್ಲಿ, ಅಂಗೈಯಗಲದ ಒಣಗಿದ ಮಚ್ಚೆ ಇತ್ತು. ಕೂದಲಿಲ್ಲದೆ ಬೋಳಾಗಿತ್ತು. ಅದು ಗಂಡ ಹೋದ ಮೇಲೆ ಬಂದದ್ದು, ಸ್ನಾನದ ನೀರು ಅಲ್ಲಿ ಬಿಸಿ ಹತ್ತುವುದಿಲ್ಲ, ಯಾರೂ ನೋಡಿಲ್ಲ ಎಂದು ನೆಲ ನೋಡುತ್ತ ಹೇಳಿದಳು. ದ್ರೌಪದಿ ಅತ್ತೆಯ ತೋಳನ್ನೇ ನೋಡುತ್ತ ಕೂತಳು.

ಭಗವಂತ ಕಟ್ಟಿದ ಚೀಲ ಬಿಚ್ಚಿದ. ಕಣ್ಣು ಮುಚ್ಚಿಕೊಳ್ಳಬೇಕು, ಹತ್ತಿಯ ಎಳೆ ಎಲ್ಲಿ ಸೋಕಿತೋ ಅಲ್ಲಿ ಬೆರಳಿಟ್ಟು ತೋರಿಸಬೇಕು ಎಂದು ಹೇಳಿಕೊಟ್ಟ. ಸುಭದ್ರಾಬಾಯಿ ಕಣ್ಣು ಮುಚ್ಚಿದಳು. ತೋರುಬೆರಳು ಚಾಚಿ ಸಿದ್ಧಳಾಗಿ ಕೂತಳು. ಶಾಲೆಯ ಮಾಡಿನಲ್ಲಿ ಗುಬ್ಬಿಗಳು ಚಿಲಿಗುಟ್ಟುತ್ತಿದ್ದವು. ಅವಳು ಕಾದಳು.

“ಹಚ್ಚಿ ನೋಡ್ರಿ,” ಎಂದಳು ಕೊನೆಗೆ. “ಯಾಕ ತಡಾ ಮಾಡಾಕತ್ತೀರಿ?”

ಭಗವಂತ ಆಗಲೇ ಮತ್ತೆ ಮತ್ತೆ ಹತ್ತಿ ಸೋಕಿಸಿಯಾಗಿತ್ತು. ಅವನು ಖಾಸೀಂಬಿಯ ಮುಖ ನೋಡಿದ.

ದ್ರೌಪದಿ ಎದ್ದು ಪಡಸಾಲೆಯ ಮೂಲೆಯ ಕೊಡದಿಂದ ಒಂದು ಲೋಟ ನೀರು ತುಂಬಿ ತಂದಳು. ಗುಳಿಗೆ ನುಂಗಲು ಬೇಕಾಗುತ್ತದೆಂದು ಅದನ್ನು ಅತ್ತೆಯ ಬಲಗೈಗೆ ಎಟಕುವಂತೆ ಇಟ್ಟು, ಪಕ್ಕದಲ್ಲಿ ಕೂತಳು.