ದೊಡ್ಡಕ್ಕನ ದನಿ

ಮಕ್ಕಳ ವಾರ್ಡಿನ ಪಕ್ಕದ ಕೋಣೆಗೆ ಕಿಟಕಿಯಿರಲಿಲ್ಲ. ಫೋನುಗಳಿದ್ದವು, ಅವನ್ನೆತ್ತಲು ನರ್ಸುಗಳಿದ್ದರು. ಗಂಟಲಿಗೆ ಉಸಿರಿನ ನಳಿಕೆ ಹಾಕಿಸಿಕೊಂಡು ಮನೆಗೆ ಹೋದ ಮಕ್ಕಳ ತಾಯಂದಿರು ಅಲ್ಲಿಗೇ ಫೋನು ಮಾಡುತ್ತಿದ್ದರು. ಯಾವ ಡಾಕ್ಟರು ಯಾವಾಗ ಸಿಗುತ್ತಾರೆ, ಕಫ ಎಳೆಯುವ ಮೆಷಿನು ಕೆಟ್ಟರೆ ಯಾರನ್ನು ಕರೆಯಬೇಕು, ಎಲ್ಲವನ್ನೂ ಹೊಂದಿಸಿಕೊಡುವವಳು ಹೆಡ್ ನರ್ಸು. ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕ. ಆ ಕೋಣೆಯಲ್ಲೇ ಅವಳ ಕೂದಲು ನರೆತಿತ್ತು.

ತಾಯಿ ಅಳುತ್ತಿದ್ದರೆ ದೊಡ್ಡಕ್ಕ ಮಾತು ಬೆಳೆಸುತ್ತಿರಲಿಲ್ಲ. "ಫೋನನ್ನ ಮಗು ಕತ್ತಿನ ಹತ್ರ ಹಿಡಿಯಮ್ಮ" ಎನ್ನುತ್ತಿದ್ದಳು. ಕಣ್ಣು ಮುಚ್ಚಿ ಉಸಿರು ಕೇಳುತ್ತಿದ್ದಳು, ದೇವರ ಮುಂದೆ ಕೂತವರ ಹಾಗೆ. ಆಮೇಲೆ ಏನು ಮಾಡಬೇಕೆಂದು ಹೇಳುತ್ತಿದ್ದಳು.

ಒಂದು ದಿನ ಮ್ಯಾನೇಜರು ಕರೆಸಿದರು.

"ನಿಮ್ಮ ದನೀಲಿ ಎರಡು ಮಾತು ರೆಕಾರ್ಡ್ ಮಾಡ್ಕೊಡಿ. ಲೈನು ಸಿಗದೆ ಕಾಯೋರಿಗೆ ಸಮಾಧಾನ ಆಗುತ್ತೆ."

"ನನ್ನ ದನೀನಾ? ಅದು ಕೇಳಿದ್ರೆ ನಮ್ಮ ಮನೆಯವರು ಟೀವಿ ಜೋರು ಮಾಡ್ತಾರೆ ಸಾರ್!"

ನಗುತ್ತಲೇ ಒಪ್ಪಿದಳು. ದಿನವೂ ಆಡುವ ಮಾತನ್ನೇ ಆಡಿದಳು. "ಗಾಬರಿ ಆಗ್ಬೇಡ, ನಾನಿದೀನಿ. ಹೇಳಮ್ಮ."

ತಿಂಗಳು ಕಳೆಯುವುದರೊಳಗೆ ಕೋಣೆಗೆ ಬೀಗ ಬಿತ್ತು. ಫೋನೆತ್ತುವ ನರ್ಸುಗಳನ್ನು ಕೆಲಸದಿಂದ ತೆಗೆದರು. ಕರೆಗಳನ್ನು ಮೆಷಿನು ಎತ್ತತೊಡಗಿತು. ದೊಡ್ಡಕ್ಕನಿಗೆ ಮೇಲಿನ ಮಹಡಿಯಲ್ಲಿ ತಿರುಗುವ ಕುರ್ಚಿ, ಬಾಗಿಲ ಮೇಲೆ 'ನಿರ್ದೇಶಕಿ' ಎಂಬ ಹಲಗೆ. ಹೊರಟವರಿಗೆ ಹೋಗಿಬನ್ನಿ ಎನ್ನಲೂ ಅವಳಿಗೆ ಬಾಯಿ ಬರಲಿಲ್ಲ. ಜೋಮು ಹಿಡಿದ ಕಾಲಿನಂತಿತ್ತು ಮನಸ್ಸು.

ಆಮೇಲೊಂದು ಬೆಳಿಗ್ಗೆ ಐಸಿಯು ಮುಂದೆ ಒಬ್ಬ ತಾಯಿ ಕೂತಿದ್ದಳು. ಒಳಗೆ ಅವಳ ಮಗು ಕಣ್ಣು ಬಿಟ್ಟಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ನಳಿಕೆ ಕಟ್ಟಿಕೊಂಡು ಮೆದುಳಿಗೆ ಆಮ್ಲಜನಕ ಹೋಗಿರಲಿಲ್ಲ.

"ನಿಮ್ಗೇ ಫೋನ್ ಮಾಡಿದ್ನಲ್ಲಕ್ಕ," ಎಂದಳು ತಾಯಿ. ಬೈಗುಳವಿರಲಿಲ್ಲ ಆ ಮಾತಿನಲ್ಲಿ. "ನಾನಿದೀನಿ ಅಂದ್ರಿ. ಅದಕ್ಕೇ ಬೇರೆ ಯಾರ್ನೂ ಕರೀಲಿಲ್ಲ. ಫೋನನ್ನ ಮಗು ಕತ್ತಿನ ಹತ್ರ ಹಿಡ್ಕೊಂಡೇ ಇದ್ದೆ. ನೀವು ಕೇಳಿಸ್ಕೊಳ್ತಾ ಇದೀರಿ ಅಂದ್ಕೊಂಡೆ."

ದೊಡ್ಡಕ್ಕ ಅಳಲಿಲ್ಲ. ಮ್ಯಾನೇಜರ ಕೋಣೆಗೆ ಹೋದಳು.

"ತುರ್ತು ಇದ್ರೆ ಫೋನಲ್ಲಿ ಮೂರು ಒತ್ತಬೇಕಿತ್ತು ಆ ಯಮ್ಮ. ನಾವೇನು ಮಾಡೋಣ?"

"ನನ್ನ ದನಿ ತೆಗೀರಿ. ನರ್ಸುಗಳನ್ನ ವಾಪಸ್ ಕರೀರಿ."

"ನೀವೇ ಒಪ್ಪಿ ಕೊಟ್ಟಿದ್ದಲ್ವಾ? ಅದೀಗ ಆಸ್ಪತ್ರೆ ಸ್ವತ್ತು. ಹೋಗಿ, ಸ್ವಲ್ಪ ಕಾಫಿ ಕುಡೀರಿ."

ಅವಳಿಗೆ ಸಿಟ್ಟೂ ಬರಲಿಲ್ಲ. ಮೆಟ್ಟಿಲಿಳಿದು, ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ ಹಜಾರದ ನಡುವೆ ನಿಂತಳು.

"ಕೇಳ್ರಮ್ಮ. ಫೋನಲ್ಲಿ ನಾನಿದೀನಿ ಅಂತ ನನ್ನ ದನಿ ಹೇಳಿದ್ರೆ ನಂಬಬೇಡಿ. ಅಲ್ಲಿ ನಾನಿಲ್ಲ. ಯಾರೂ ಇಲ್ಲ."

ಮಕ್ಕಳ ಕತ್ತಿನ ನಳಿಕೆಗಳು ಸೂಂಯ್ ಎನ್ನುತ್ತಿದ್ದವು.

"ಯಾರೂ ಇಲ್ಲ ಅಂದ್ರೆ?" ಮೂಲೆಯಿಂದ ಒಬ್ಬಳು ಎದ್ದಳು. "ಮತ್ತೆ ರಾತ್ರಿಯೆಲ್ಲ ನಾನು ಯಾರ ಹತ್ರ ಅಳ್ತಿದ್ದೆ?"

ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಫದ ಮೆಷಿನು ಕೈಯಲ್ಲಿ ಹಿಡಿದು, ಅವಳು ಮ್ಯಾನೇಜರ ಕೋಣೆಗೆ ಹತ್ತುವ ಮೆಟ್ಟಿಲ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ.

"ಮಕ್ಕಳನ್ನ ಕರ್ಕೊಂಡು ಮೇಲೆ ಹೋಗಂಗಿಲ್ಲ!" ಕಾವಲಿನವನು ಕೈ ಅಡ್ಡ ಹಿಡಿದ.

"ಪಕ್ಕಕ್ಕೆ ನಿಂತ್ಕೋಪ್ಪ," ಎಂದಳು ದೊಡ್ಡಕ್ಕ.